ಬೀಳ್ಕೊಡುಗೆಯ ಶಾಲು

2021ರ ಮಾರ್ಚ್ 22, ಸೋಮವಾರ. ಆಧಾರ: ನನ್ನ ಮೊದಲ ಡೋಸಿನ ಪ್ರಮಾಣಪತ್ರ. ವಾರವನ್ನು ಆ ವರ್ಷದ ಗೋಡೆ ಕ್ಯಾಲೆಂಡರಿನೊಡನೆ ಹೋಲಿಸಿ ನೋಡಿದ್ದೇನೆ. ಹಳೆಯ ಕ್ಯಾಲೆಂಡರುಗಳನ್ನು ಎಸೆಯದ ನನ್ನ ಅಭ್ಯಾಸಕ್ಕೆ ಮನೆಯಲ್ಲಿ ಇನ್ನೂ ನಗುತ್ತಾರೆ.

ಮೈಸೂರಿನ ನಜರ್‌ಬಾದಿನಲ್ಲಿ ನಮ್ಮ ಮನೆಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದು ಹಾಕಿಸಿಕೊಂಡು ವಿಶ್ರಾಂತಿಗೆಂದು ಕುಳಿತಿದ್ದೆ. ಮೇಜಿನ ಮೇಲೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕಾಯಂ ಹುದ್ದೆಗಳು ಖಾಲಿ. ಇದ್ದವರಲ್ಲೂ ಕೆಲವರನ್ನು ಬೇರೆಡೆಗೆ ಎರವಲು ಕಳುಹಿಸಲಾಗಿತ್ತು. ಸಿರಿಂಜು ಹಿಡಿದಿದ್ದ ನರ್ಸ್ ತಿರುಗಿ ನೋಡದೆಯೇ ಹೇಳಿದರು: “ಸಾರ್, ಸುಮ್ನೆ ಕೂತಿದ್ದೀರಲ್ಲ, ಅದೊಂದ್ ಎತ್ತಿ. ಲಸಿಕೆ ಇದೆಯಾ ಅಂತಾರೆ. ಇದೆ, ಆಧಾರ್ ಕಾರ್ಡ್ ತನ್ನಿ ಅನ್ನಿ, ಸಾಕು.”

ಶಾಸನಗಳ ಕಾಲನಿರ್ಣಯದಲ್ಲಿ ವೃತ್ತಿಜೀವನ ಕಳೆದವನಿಗೆ ಹೀಗೊಂದು ಹೊಸ ಹುದ್ದೆ ದೊರೆಯಿತು. ಸಂಬಳವಿಲ್ಲ, ಆದ್ದರಿಂದ ನಿವೃತ್ತಿಯೂ ಇಲ್ಲ.

ನರ್ಸ್ ದಟ್ಟಗಳ್ಳಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಅವರದು ಸಾಂಕ್ರಾಮಿಕದ ಅವಧಿಗೆಂದು ಮಾಡಿಕೊಂಡ, ಮೂರು ತಿಂಗಳಿಗೊಮ್ಮೆ ಮುಗಿಯುವ ಗುತ್ತಿಗೆ. ಅದು ಜೂನ್ ಅಂತ್ಯಕ್ಕೆ ಮುಗಿದಾಗ ಊರಿನ ಪದ್ಧತಿಯಂತೆ ಬೀಳ್ಕೊಡುಗೆ ನಡೆಯಿತು: ಹಾರ, ಹಣ್ಣಿನ ಬುಟ್ಟಿ, ಉಪ್ಪಿಟ್ಟು, ಕೇಸರಿಬಾತು. ಹಿರಿಯನೆಂಬ ಕಾರಣಕ್ಕೆ ಮೈಸೂರು ಸಿಲ್ಕ್ ಅಂಚಿನ ಶಾಲು ಹೊದಿಸುವ ಗೌರವ ನನ್ನ ಪಾಲಿಗೆ ಬಂತು. ಲಷ್ಕರ್ ಮೊಹಲ್ಲಾದ ಆಶಾ ಕಾರ್ಯಕರ್ತೆ ಜೋರಾಗಿಯೇ ಅತ್ತರು. ಅಂದು ಸಂಜೆ ಗುತ್ತಿಗೆ ಮುಂದುವರಿಸಿದ ಆದೇಶ ಬಂತು. ಬೆಳಗ್ಗೆ ನರ್ಸ್ ಶಾಲಿನೊಡನೆ ಹಾಜರು.

“ಅಯ್ಯೋ, ನೆನ್ನೆ ತಾನೇ ಅತ್ತು ಕಳಿಸ್ದೆ, ಇವತ್ತೇ ಬಂದ್ಬುಟ್ಯಲ್ಲೇ! ನನ್ ಕಣ್ಣೀರು ವಾಪಸ್ ಕೊಡು,” ಎಂದರು ಆಶಾ ಕಾರ್ಯಕರ್ತೆ.

“ಕಣ್ಣೀರಿಲ್ಲ ಅಕ್ಕ, ಶಾಲಿದೆ.”

“ಬೀರುನಲ್ಲಿ ಮಡಗು ಕಣಮ್ಮ. ಇನ್ ಮೂರ್ ತಿಂಗ್ಳಿಗೆ ಮತ್ತೆ ಬೇಕಾಯ್ತದೆ.”

ಬೇಕಾಯಿತು. ಸೆಪ್ಟೆಂಬರಿನಲ್ಲೂ ಡಿಸೆಂಬರಿನಲ್ಲೂ ಅದೇ ಶಾಲು, ಅದೇ ಕೇಸರಿಬಾತು, ಅದರ ಹಿಂದೆಯೇ ಆದೇಶ. ಹೀಗೆ ಕೇಂದ್ರದಲ್ಲಿ ಒಂದು ನಂಬಿಕೆ ಬೇರೂರಿತು: “ನಾವು ಬೀಳ್ಕೊಟ್ರೇನೇ ಆರ್ಡರ್ ಬರೋದು ಕಣ್ರೀ ಸಾರ್.” ಈ ಕಾರ್ಯಕಾರಣ ಸಂಬಂಧಕ್ಕೆ ಪುರಾವೆ ಸಾಲದೆಂದು ನಾನು ವಾದಿಸಿದೆ. ವಿಜ್ಞಾನ ಓದಿದ ವೈದ್ಯಾಧಿಕಾರಿ ಮಾತ್ರ ಕೇಸರಿಬಾತಿಗೆ ಗೋಡಂಬಿ ಹೆಚ್ಚಿಸಿದರು.

2022ರ ಮಾರ್ಚ್ 31, ಗುರುವಾರ. ಯುಗಾದಿಗೆ ಎರಡು ದಿನ ಮೊದಲು. ಸೋಂಕು ಇಳಿದಿತ್ತು, ಅದರೊಂದಿಗೆ ಹುದ್ದೆಗಳೂ ಇಳಿಯುತ್ತವೆ ಎಂಬ ಸುದ್ದಿ ಇತ್ತು. ಹೊರ ಊರಿನ ಖಾಸಗಿ ಆಸ್ಪತ್ರೆಯೊಂದು ನರ್ಸ್‌ಗೆ ಕಾಯಂ ಕೆಲಸ ಕೊಡಲು ಸಿದ್ಧವಿದ್ದು, ಹಬ್ಬದೊಳಗೆ ಉತ್ತರ ಕೇಳಿತ್ತು. ಅವರಿಗೆ ಬೇಕಿದ್ದುದು ಈ ಕೇಂದ್ರವೇ. ಎರಡು ಮೊಹಲ್ಲಾಗಳ ಬಾಣಂತಿಯರು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮಾತ್ರೆ ಬಿಟ್ಟ ಕ್ಷಯರೋಗಿಗಳು ಅವರ ಸ್ಕೂಟರಿನ ಸದ್ದಿಗೇ ಅಡಗಿಕೊಳ್ಳುತ್ತಿದ್ದರು. ಆದ್ದರಿಂದ ಅಂದಿನ ಬೀಳ್ಕೊಡುಗೆಯಲ್ಲಿ ನಾವು ಯಾವ ಕೊರತೆಯನ್ನೂ ಮಾಡಲಿಲ್ಲ. ಆಶಾ ಕಾರ್ಯಕರ್ತೆ ಪೇಟವನ್ನೂ ತಂದಿದ್ದರು. ಪುರಾವೆ ಕೇಳುತ್ತಿದ್ದ ನಾನು ಶಾಲನ್ನು ಎರಡು ಬಾರಿ ಹೊದಿಸಿದೆ.

ಅನಂತರದ ದೃಶ್ಯ ನನಗೆ ಸ್ಪಷ್ಟವಾಗಿ ನೆನಪಿದೆ. ಅವರು ಎಂದಿನಂತೆ ಶಾಲನ್ನು ಮಡಿಸಿ ಬೀರುವಿನಲ್ಲಿಟ್ಟು, “ಹಬ್ಬ ಮುಗಿಸ್ಕೊಂಡು ಸೋಮವಾರ ಸಿಗೋಣ ಸಾರ್,” ಎಂದರು. ಸೋಮವಾರ ಆದೇಶ ಬರಲಿಲ್ಲ, ಅವರೂ ಬರಲಿಲ್ಲ; ಹೊರ ಊರಿನ ಕೆಲಸ ಒಪ್ಪಿಕೊಂಡಿದ್ದರು. ಆ ಹುದ್ದೆ ಇಂದಿಗೂ ಖಾಲಿ. ನಾನು ಫೋನೆತ್ತಿದರೆ ಈಗಲೂ ಯಾರಾದರೊಬ್ಬರು “ಸ್ಕೂಟರ್ ಸಿಸ್ಟರ್ ಇದ್ದಾರಾ?” ಎಂದು ಕೇಳುತ್ತಾರೆ.

ಈ ಬರಹಕ್ಕೆಂದು ವೈದ್ಯಾಧಿಕಾರಿಯವರಿಂದ ಆ ಗುರುವಾರ ಅವರು ಹೊರಡುವಾಗ ತೆಗೆದ ಫೋಟೊ ತರಿಸಿಕೊಂಡೆ. ಮೂಲೆಯಲ್ಲಿ ಅದೇ ತಾರೀಖು ಇದೆ. ಗೇಟಿನಾಚೆ ನರ್ಸ್ ಸ್ಕೂಟರ್ ಏರಿ ಕುಳಿತಿದ್ದಾರೆ, ನಗುತ್ತಿದ್ದಾರೆ. ಶಾಲು ಅವರ ಹೆಗಲ ಮೇಲಿದೆ.