ಎರೆಹೊಲದ ದಾರಿಯಲ್ಲಿ ಬಸವಂತನ ಜೀಪು

ಚಿಕ್ಕೋಡಿಯ ಬಸವಂತ ದಾವೀದ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಅಥಣಿ, ಕಾಗವಾಡ, ರಾಯಬಾಗ, ನಿಪ್ಪಾಣಿ ಎಂದು ಊರವರನ್ನೆಲ್ಲ ಅವರವರ ಊರಿಗೆ ಮುಟ್ಟಿಸುವುದರಲ್ಲೇ ಅವನ ವಯಸ್ಸು ಕಳೆದುಹೋಯಿತು. ಹೆಂಡತಿ ಕುಸುಮಳನ್ನು ಮಾತ್ರ ಅವನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಕ್ರಿಸ್‌ಮಸ್ಸಿಗೂ ಡ್ಯೂಟಿ, ಈಸ್ಟರಿಗೂ ಡ್ಯೂಟಿ. ಮಕ್ಕಳಿರಲಿಲ್ಲ. ಚರ್ಚಿನಲ್ಲಿ ಭಾನುವಾರದ ಮಕ್ಕಳ ಶಾಲೆ ನಡೆಸುತ್ತ, ಊರ ಮಕ್ಕಳಿಂದ ‘ಮಾವಶಿ’, ಅಂದರೆ ಚಿಕ್ಕಮ್ಮ, ಎನ್ನಿಸಿಕೊಳ್ಳುತ್ತ ಅವಳು ತನ್ನ ಪಾಡಿಗೆ ತಾನಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಏನಾದರೂ ಕೆಲಸವಿದ್ದರೆ, ಗಂಡನ ಬಸ್ಸು ಹೊರಡುವ ತನಕ ನಿಂತಿದ್ದು ನೋಡಿ ಬರುತ್ತಿದ್ದಳು. ಅಷ್ಟೇ.

ನಿವೃತ್ತನಾದ ಮೇಲೆ ಬಸವಂತ ಮೀರಜಿಗೆ ಹೋಗಿ ಒಂದು ಹಳೆಯ ಜೀಪು ಕೊಂಡು ತಂದ. ನಾಲ್ಕೂ ಗಾಲಿಗೆ ಇಂಜಿನ್ನಿನ ಜೋರು ಹೋಗುವಂಥ ಗಾಡಿ, ಮೇಲೆ ತಾಡಪತ್ರಿಯ ಹೊದಿಕೆ. ಕುಸುಮ ಅಂಗಳಕ್ಕೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದಳು.

“ಇದ್ರಾಗ ಎಲ್ಲಿಗಿ ಹೋಗೂದ್ರಿ?” ಅಂದಳು.

“ರೋಡ್ ಇಲ್ಲದ ಕಡೆ. ರೋಡ್ ಇದ್ದಲ್ಲೆಲ್ಲಾ ನಾ ಹೋಗಿ ಬಂದೀನಿ.”

ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮರುದಿನವೇ ಮುಂದಿನ ಸೀಟಿಗೆ ಹಳೆಯ ಇಳಕಲ್ ಸೀರೆಯೊಂದನ್ನು ಮಡಚಿ ಹಾಸಿ ಅದನ್ನು ತನ್ನದಾಗಿ ಮಾಡಿಕೊಂಡಳು.

ನಿಪ್ಪಾಣಿಯಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿದ್ದ ವಿಕ್ರಾಂತನ ಹತ್ತಿರವೂ ಅಂಥದೇ ಒಂದು ಗಾಡಿ ಇತ್ತು. ಅವನಿಗೆ ಅದರ ಹುಚ್ಚು. ಈಸ್ಟರ್ ಮುಗಿದ ಮರುದಿನ ಅವನು ಚಿಕ್ಕೋಡಿಗೆ ಬಂದು, “ಅಣ್ಣಾ, ನಮ್ಮ ಮಂದಿಯೊಳಗ ಇನ್ನೂ ನಾಕೈದು ಗಾಡಿ ಅದಾವ. ಎಲ್ಲಾರೂ ಕೂಡೂಣ” ಅಂದ. ಹಾಗೆ ಶುರುವಾದದ್ದು ಬೆಥೆಲ್ ಜೀಪ್ ಮಂಡಳ. ತಿಂಗಳಿಗೊಂದು ಭಾನುವಾರ ಆರಾಧನೆ ಮುಗಿಸಿ ಚರ್ಚಿನ ಬಾಗಿಲಿನಿಂದಲೇ ಹೊರಡುವುದು. ಹೊರಡುವ ಮುಂಚೆ ಬಾನೆಟ್ಟಿನ ಮೇಲೆ ಕೈಯಿಟ್ಟು ಪ್ರಾರ್ಥನೆ. ಸೆರೆ ಕುಡಿಯುವಂತಿಲ್ಲ, ಸಿಕ್ಕಿಬಿದ್ದವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಯಡೂರಿನ ಕೆಳಗೆ ಕೃಷ್ಣೆಯ ಮರಳಿನ ದಂಡೆ, ನಿಪ್ಪಾಣಿ ಕಡೆಯ ಗುಡ್ಡದ ಓರೆ, ಕಬ್ಬು ಕಡಿದು ಖಾಲಿಯಾದ ಹೊಲಗಳ ನಡುವಿನ ದಾರಿ, ಎಲ್ಲ ಕಡೆ ಹೋದರು. ಮೊದಲ ಸಲವೇ ಬಸವಂತನ ಗಾಡಿ ಎರೆಮಣ್ಣಿನಲ್ಲಿ ಹೂತುಕೊಂಡು ಕೂತಿತು. ಆ ಹೊಲದ ಭೀಮಗೊಂಡ ಪಾಟೀಲ ಟ್ರ್ಯಾಕ್ಟರ್ ತಂದು ಎಳೆದ. “ನಾಕು ಗಾಲಿ ತಿರಗೂ ಗಾಡಿ ಅಂತೀರಿ, ಎಂಟು ಗಾಲಿ ಆದ್ರೂ ನಮ್ಮ ಎರಿ ಬಿಡೂದಿಲ್ರಿ” ಎಂದು ಅವನು ನಕ್ಕಾಗ ಎಲ್ಲರೂ ನಕ್ಕರು. ಅವನು ಜೈನ. ಮಟನ್ನಿನ ಡಬ್ಬಿ ತೆರೆದದ್ದೇ ದೂರ ಹೋಗಿ ಬೇವಿನ ಗಿಡದ ಕೆಳಗೆ ಕೂತ. ಕುಸುಮ ಅವನಿಗೆಂದೇ ಬೇರೆ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಒಯ್ದು ಕೊಟ್ಟಳು. ಸಂಜೆಯವರೆಗೆ ಮಕ್ಕಳು ಅವಳ ಸುತ್ತ. ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಹಾಡು ಹೇಳಿಸಿ ಅವುಗಳ ಗಂಟಲು ಕೂರಿಸುತ್ತಿದ್ದಳು. ಬರುವಾಗ ಬಸವಂತನ ಜೀಪಿನ ಹಿಂದೆಯೇ ಕೂರಬೇಕೆಂದು ಮಕ್ಕಳಲ್ಲಿ ಜಗಳ ಬೀಳುತ್ತಿತ್ತು.

ಆ ಕಾಲ ಎರಡು ಬೇಸಿಗೆಗಿಂತ ಹೆಚ್ಚು ಬಾಳಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಪಾಸ್ಟರರ ಫೋನು ಬಂತು. ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿ ತಾರವ್ವ ಎಂಬ ಮುದುಕಿ ತೀರಿಕೊಂಡಿದ್ದಳು. ಆ ಊರಲ್ಲಿ ಕ್ರೈಸ್ತರ ಮನೆ ಎರಡೇ. ಮಣ್ಣು ಮಾಡುವ ಜಾಗ ಊರಾಚೆ, ಹಳ್ಳ ದಾಟಿ, ಎರೆಹೊಲಗಳ ನಡುವೆ. ಶವದ ವ್ಯಾನು ಡಾಂಬರು ರಸ್ತೆಯಲ್ಲೇ ನಿಂತಿದೆ, ಹೆಗಲ ಮೇಲೆ ಹೊತ್ತವರು ಮೊಣಕಾಲವರೆಗೆ ಹೂತು ವಾಪಸು ಬಂದಿದ್ದಾರೆ. “ನಿಮ್ಮ ಗಾಡಿ ಹೋಗ್ತೈತೇನ್ರಿ ಬಸವಂತಣ್ಣಾ?” ಎಂದು ಪಾಸ್ಟರ್ ಸಂಕೋಚದಿಂದ ಕೇಳಿದರು.

ಬಸವಂತ ಕುಸುಮಳ ಮುಖ ನೋಡಿದ. ಅವಳು ಆಗಲೇ ಬಿಳಿ ಸೀರೆ ತೆಗೆಯುತ್ತಿದ್ದಳು.

ಹಿಂದಿನ ಸೀಟುಗಳನ್ನು ಮಡಚಿ ಶವದ ಪೆಟ್ಟಿಗೆಯನ್ನು ಇಟ್ಟರು. ಅದು ಅಲುಗಾಡದಂತೆ ಕುಸುಮ ಪಕ್ಕದಲ್ಲಿ ಕೂತು ಕೈಯೂರಿ ಹಿಡಿದಳು. ಬಸವಂತ ಗೇರು ಹಾಕಿ, ಎಲ್ಲೂ ನಿಲ್ಲಿಸದೆ, ಅವಸರವನ್ನೂ ಮಾಡದೆ, ಹಳ್ಳ ದಾಟಿಸಿದ. ಎರಡೂ ಕಡೆ ಹೊಲದಲ್ಲಿದ್ದವರು ತಲೆಯ ಮೇಲಿನ ಗೋಣಿಚೀಲದ ಗೊಪ್ಪೆ ತೆಗೆದು ನೆನೆಯುತ್ತ ನಿಂತರು. ಮಣ್ಣಾದ ಮೇಲೆ ಮುದುಕಿಯ ಮಗ ಬಂದು ಬಸವಂತನ ಎರಡೂ ಕೈ ಹಿಡಿದುಕೊಂಡ. ಹಾಗೇ ನಿಂತ.

ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ಉಗಾರದಿಂದ ಫೋನು ಬಂತು, ಕಾಗವಾಡದ ಕಡೆಯಿಂದ ಬಂತು, ಅಥಣಿಯ ಹಳ್ಳಿಗಳಿಂದ ಬಂತು. ಊರಿಗೊಂದು, ಎರಡು ಎಂದು ಚದುರಿಕೊಂಡಿದ್ದ ಆ ಕ್ರೈಸ್ತರ ಮನೆಗಳಿಗೆ ಸ್ಮಶಾನ ಇದ್ದರೂ ಅಲ್ಲಿಗೆ ದಾರಿ ಇರಲಿಲ್ಲ. ಕೊರೋನಾ ಬಂದಾಗಲಂತೂ ಹೆಣ ಮುಟ್ಟುವವರೇ ಇಲ್ಲದೆ ಹೋದರು. ಮಂಡಳದವರು ಮನೆ ಬಿಟ್ಟು ಹೊರಗೆ ಬರಲಿಲ್ಲ. ಅದು ತಪ್ಪೆಂದು ಬಸವಂತನಿಗೆ ಅನ್ನಿಸಲೂ ಇಲ್ಲ. ಅವರಿಗೆ ಸಣ್ಣ ಮಕ್ಕಳಿದ್ದರು. ತನಗೆ, ಕುಸುಮಳಿಗೆ ಯಾರಿದ್ದಾರೆ ಎಂದುಕೊಂಡು ಇಬ್ಬರೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೋಗಿ ಬಂದರು. ಮನೆಗೆ ಬಂದು ಜೀಪು ತೊಳೆದು, ಸ್ನಾನ ಮಾಡಿ ಉಣ್ಣುತ್ತಿದ್ದರು.

ರೋಗದ ಕಾಲ ಕಳೆದು ಮಂಡಳ ಮತ್ತೆ ಹೊರಗೆ ಹೊರಟಿತು. ಯಡೂರಿನ ದಂಡೆಗೇ ಹೋಗುವುದೆಂದಾಯಿತು. ಕುಸುಮ ಹಿಂದಿನ ದಿನವೇ ಕುಳಿತು ಶೇಂಗಾ ಹೋಳಿಗೆ ಮಾಡಿದ್ದಳು. ಚರ್ಚಿನ ಮುಂದೆ ಮಕ್ಕಳು ಓಡಿ ಓಡಿ ಗಾಡಿಗಳನ್ನು ಹತ್ತಿದವು. ಬಸವಂತನ ಜೀಪಿನ ಹಿಂಬದಿ ಖಾಲಿ ಇತ್ತು. ಕುಸುಮ ವಿಕ್ರಾಂತನ ಮಗಳನ್ನು ಕೈಮಾಡಿ ಕರೆದಳು, “ಬಾರವ್ವಾ, ಇಲ್ಲಿ ಜಾಗಾ ಐತಿ.”

ಹುಡುಗಿ ತಾಯಿ ಚಂದ್ರಮತಿಯ ಸೆರಗಿನ ಹಿಂದೆ ಸರಿದು, “ನಾ ಒಲ್ಲೆ. ಆ ಗಾಡ್ಯಾಗ ಸತ್ತವರನ್ನ ಮಲಗಸ್ತಾರ” ಅಂದಳು.

ಚಂದ್ರಮತಿ ಮಗಳ ಬಾಯಿ ಮುಚ್ಚಿದಳು. ಆದರೆ “ಹಂಗ ಅನಬ್ಯಾಡ” ಎನ್ನಲಿಲ್ಲ, ಹೋಗಿ ಕೂರು ಎಂದೂ ಕಳಿಸಲಿಲ್ಲ. ಉಳಿದವರು ತಾಡಪತ್ರಿಯ ಹಗ್ಗ ಬಿಗಿಯುವುದರಲ್ಲಿ, ನೀರಿನ ಕ್ಯಾನು ಎತ್ತಿಡುವುದರಲ್ಲಿ ಮಗ್ನರಾದರು. ಕುಸುಮ ನಕ್ಕಳು. ನದಿಯ ದಂಡೆಯಲ್ಲಿ ಎಂದಿನಂತೆ ಮಕ್ಕಳಿಗೆಲ್ಲ ಹೋಳಿಗೆ ಹಂಚಿದಳು. ಬರುವಾಗ ಅಂಕಲಿ ದಾಟುವವರೆಗೆ ಅವಳು ಖಾಲಿ ಡಬ್ಬಿಯನ್ನು ಮಡಿಲಲ್ಲಿ ಹಿಡಿದೇ ಕೂತಿದ್ದಳು.

“ಇನ್ನ ಮ್ಯಾಗ ಆ ಕೆಲಸ ಬ್ಯಾಡ ಅಂದುಬಿಡ್ಲೇನು?” ಬಸವಂತ ಕೇಳಿದ. “ಪಾಸ್ಟರಿಗೆ ಹೇಳ್ತೀನಿ. ಬ್ಯಾರೆ ಯಾವುದಾರ ಗಾಡಿ ನೋಡ್ಕೊಳ್ಳಲಿ.”

“ಬ್ಯಾರೆ ಗಾಡಿ ಎಲ್ಲೈತ್ರಿ?” ಅಂದಳು ಅವಳು. “ಹುಡುಗರು ಅಂಜೂದು ಖರೇನ ಬಿಡ್ರಿ. ನಾನೂ ಸಣ್ಣಾಕಿ ಇದ್ದಾಗ ಅಂಜತಿದ್ದೆ. ಮಂಡಳದವರ ಕೂಡ ನಾವ ಹೋಗೂದು ಬಿಡೂಣ. ಮಕ್ಕಳ ಸಂತೋಷ ಯಾಕ ಕೆಡಸೂದು?”

ಹಾಗೆ ಅವರು ಹೋಗುವುದು ನಿಂತಿತು. ಮೊದಮೊದಲು ವಿಕ್ರಾಂತ ಫೋನು ಮಾಡುತ್ತಿದ್ದ. ಆಮೇಲೆ “ನಿಮಗ ದಣಿವಾಗಿರ್ತೈತಿ ಅಂತ ಕರೀಲಿಲ್ಲಣ್ಣಾ” ಅನ್ನುತ್ತಿದ್ದ. ಆಮೇಲೆ ಅದೂ ಇಲ್ಲ. ಮೊಬೈಲಿನಲ್ಲಿ ಮಂಡಳದ ಫೋಟೋಗಳು ಬರುತ್ತಿದ್ದವು. ಕುಸುಮ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ದೊಡ್ಡದು ಮಾಡಿ, “ಈಕಿ ಎಷ್ಟ ಎತ್ತರ ಆಗ್ಯಾಳ ನೋಡ್ರಿ” ಎಂದು ತೋರಿಸುತ್ತಿದ್ದಳು. ಬಸವಂತನಿಗೆ ಆ ಫೋಟೋಗಳನ್ನು ನೋಡುವುದೆಂದರೆ ಸಂಕಟ. ಹೆಂಡತಿ ಸಿಟ್ಟಾಗಿದ್ದರೆ ತಾನೂ ಸಿಟ್ಟಾಗಬಹುದಿತ್ತು. ಅವಳು ಆಗಲಿಲ್ಲ.

ಅವಳಿಗೆ ಊಟ ಸೇರದೆ ಹೋಗಲು ಶುರುವಾದಾಗ ಪಿತ್ತ ಅಂದುಕೊಂಡರು. ಮೀರಜಿನಲ್ಲಿ ಡಾಕ್ಟರರು ಹೊಟ್ಟೆಯ ಕ್ಯಾನ್ಸರ್ ಅಂದರು. ತಡವಾಗಿದೆ ಅಂದರು. ಆ ವರ್ಷದ ಮಳೆಗಾಲದಿಂದ ಮುಂದಿನ ಸುಗ್ಗಿಯವರೆಗೆ ಅದೇ ಜೀಪಿನಲ್ಲಿ ಮೀರಜಿಗೆ ಹೋಗುವುದು, ಬರುವುದು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಗಾಡಿ ನಿಧಾನವಾದಾಗ ಅವಳು ಕಣ್ಣು ಮುಚ್ಚಿ ಕೂತಿರುತ್ತಿದ್ದಳು.

ಒಂದು ಸಲ ಹಾಗೆ ಬರುವಾಗ, “ಯಡೂರಿಗೆ ಹೊಳ್ಳಸರಿ” ಅಂದಳು.

ನಡು ಮಧ್ಯಾಹ್ನ. ದಂಡೆಯಲ್ಲಿ ಯಾರೂ ಇರಲಿಲ್ಲ. ಜೀಪನ್ನು ನೀರಿನ ಅಂಚಿನವರೆಗೂ ಇಳಿಸಿ ನಿಲ್ಲಿಸಿದ. ಅವಳು ಇಳಿಯಲಿಲ್ಲ, ಇಳಿಯುವ ಶಕ್ತಿ ಇರಲಿಲ್ಲ. ಎಳನೀರನ್ನು ಚಮಚೆಯಿಂದ ಕುಡಿಸಿದ. ಎರಡು ಗುಟುಕು ಒಳಗೆ ಹೋದವು.

“ಒಂದು ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ” ಅಂದಳು. “ನನ್ನ ಒಯ್ಯೂ ದಿನಾ ಗಾಡಿ ನೀವು ನಡಸಬ್ಯಾಡ್ರಿ.”

“ಏನ ಮಾತು ಅದು?”

“ಕೇಳ್ರಿ ಇಲ್ಲಿ. ಜಲಮೆಲ್ಲಾ ನಿಮ್ಮ ಕಣ್ಣ ರೋಡಿನ ಮ್ಯಾಲೇ, ಈಗ ನಾ ಬಾಜೂಕ ಕುಂತರೂ ಅಲ್ಲೇ. ಅವತ್ತೊಂದಿನ ಹಿಂದ ಬಂದು ನನ್ನ ಕೂಡ ಕೂಡ್ರಿ.”

ಬಸವಂತ ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು. ಎತ್ತಿಡುವುದಕ್ಕೇ ಕಷ್ಟವಾಗುವಷ್ಟು ಸೋತ ಕೈ ಅದು.

ಕುಸುಮ ತೀರಿಕೊಂಡದ್ದು ಬೇಸಿಗೆಯಲ್ಲಿ. ಚಿಕ್ಕೋಡಿಯ ಸ್ಮಶಾನಕ್ಕೆ ಕೆಸರೂ ಇರಲಿಲ್ಲ, ಹಳ್ಳವೂ ಇರಲಿಲ್ಲ. ಶವದ ವ್ಯಾನೇ ಬಾಗಿಲವರೆಗೂ ಹೋಗುತ್ತಿತ್ತು. ಪಾಸ್ಟರ್ ಹಾಗೆಂದರು. ಬಸವಂತ ಬೇಡವೆಂದು ತಲೆಯಾಡಿಸಿ, ಅಂಗಳದಲ್ಲಿ ನೆರೆದವರ ನಡುವೆ ವಿಕ್ರಾಂತನನ್ನು ಹುಡುಕಿ ಅವನ ಕೈಯಲ್ಲಿ ಜೀಪಿನ ಕೀಲಿ ಇಟ್ಟ.

“ನಾನಣ್ಣಾ?” ವಿಕ್ರಾಂತನ ಮುಖ ಬಿಳಿಚಿತು.

“ನೀನ. ನನಗ ಆಕಿ ಕೂಡ ಕೂಡ್ರೂದೈತಿ.”

ಪೆಟ್ಟಿಗೆಯ ಪಕ್ಕದಲ್ಲಿ ಬಸವಂತ ಹಿಂದಕ್ಕೆ ಮುಖ ಮಾಡಿ ಕೂತ. ಗಾಡಿ ಓಣಿಯಿಂದ ಹೊರಬಿತ್ತು. ಜೀವನವಿಡೀ ಮುಂದಿನಿಂದ ಬರುವ ರಸ್ತೆಯನ್ನು ನೋಡಿದವನು ಅವತ್ತು ಮೊದಲ ಸಲ ಅದು ಹಿಂದೆ ಹಿಂದೆ ಹೋಗುವುದನ್ನು ನೋಡಿದ. ಮನೆ ಹೋಯಿತು, ಓಣಿಯ ನಲ್ಲಿ ಹೋಯಿತು, ಚರ್ಚಿನ ಗೇಟು ಹೋಯಿತು. ಹಿಂದೆ ಮಂಡಳದ ಅಷ್ಟೂ ಜೀಪುಗಳು ಹಗಲಲ್ಲೇ ದೀಪ ಹಚ್ಚಿಕೊಂಡು ಸಾಲಾಗಿ ಬರುತ್ತಿದ್ದವು. ಎಲ್ಲ ಸೇರಿ ಹೀಗೆ ಹೊರಟು ಎಷ್ಟು ಕಾಲವಾಗಿತ್ತು! ಇದನ್ನು ಕುಸುಮಳಿಗೆ ತೋರಿಸಬೇಕೆಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ನೆನಪಾಗಿ, ಅಲ್ಲಿಯವರೆಗೆ ತಡೆದಿಟ್ಟಿದ್ದ ಅಳು ಒಮ್ಮೆಲೇ ಬಂತು.

ಏರಿನಲ್ಲಿ ಗಾಡಿ ಜಗ್ಗಿ ನಿಂತಿತು. ಇಂಜಿನ್ ಬಂದಾಗಿತ್ತು. ವಿಕ್ರಾಂತ ಮತ್ತೆ ಕೀಲಿ ತಿರುವಿದ, ಮತ್ತೆ ಬಂದಾಯಿತು. ಕ್ಲಚ್ಚಿನ ಮೇಲಿನ ಕಾಲನ್ನು ಅವನು ಒಮ್ಮೆಲೇ ಬಿಡುತ್ತಿದ್ದ. ಹಿಂದಿನ ಜೀಪುಗಳೆಲ್ಲ ನಿಂತವು. ಅವನು ತಿರುಗಿ ನೋಡದೆ, “ನಮ್ಮಿಂದ ತಪ್ಪಾತಣ್ಣಾ. ಅಕ್ಕನ ಒಂದಿನಾನೂ ಬಂದು ನೋಡ್ಲಿಲ್ಲ” ಎಂದು ಹಣೆ ಹಣೆ ಬಡಿದುಕೊಂಡ.

ಬಸವಂತ ಕಣ್ಣೊರಸಿಕೊಂಡ. ಇಲ್ಲ, ತಪ್ಪೇನಿಲ್ಲ ಎನ್ನಲು ಅವನಿಗೆ ಮನಸ್ಸಾಗಲಿಲ್ಲ. ಕುಸುಮಳಾಗಿದ್ದರೆ ಅನ್ನುತ್ತಿದ್ದಳು.

“ಅವಸರ ಇಲ್ಲೋ ತಮ್ಮಾ” ಅಂದ. “ಸಾವಕಾಶ ಬಿಡು ಕಾಲ. ಆಕೀಗೆ ಜಗ್ಗಿದ್ರ ಸೇರೂದಿಲ್ಲ.”

ಗಾಡಿ ಏರು ಹತ್ತಿತು.

ಮಣ್ಣಿಗೆ ಎರೆಹೊಲದ ಭೀಮಗೊಂಡನೂ ಬಂದಿದ್ದ. ಎಲ್ಲರೂ ಹೋದ ಮೇಲೂ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಚಂದ್ರಮತಿ ಒಂದು ತಿಂಗಳು ವಾರಕ್ಕೊಮ್ಮೆ ಅಡಿಗೆ ಮಾಡಿ ತಂದಳು. ಡಬ್ಬಿ ಕೊಟ್ಟು ಬಾಗಿಲಿನಿಂದಲೇ ಹೋಗುತ್ತಿದ್ದಳು. ಮಂಡಳದವರು ಒತ್ತಾಯ ಮಾಡಿ ಬಸವಂತನನ್ನು ಒಮ್ಮೆ ಗುಡ್ಡದ ಕಡೆ ಕರೆದೊಯ್ದರು. ಅವನು ಹೋದ. ಎಲ್ಲರೂ ಅವನ ಎಲೆಗೆ ಮತ್ತೆ ಮತ್ತೆ ಬಡಿಸಿದರು. ಮಕ್ಕಳು ಹಾಡಿದವು. ಈಗ ಅವುಗಳಿಗೆ ಮರಾಠಿಯ ಹಾಡಿನ ಎರಡನೆಯ ಚರಣ ಮರೆತಿತ್ತು, ನೆನಪು ಮಾಡಿಕೊಡುವವರು ಇರಲಿಲ್ಲ. ಬಸವಂತ ಊಟ ಬಿಟ್ಟು ಎದ್ದು ಹೋಗಿ ಜೀಪಿನಲ್ಲಿ ಕೂತ. ಮತ್ತೆ ಹೋಗಲಿಲ್ಲ, ಅವರೂ ಮತ್ತೆ ಒತ್ತಾಯಿಸಲಿಲ್ಲ.

ಆದರೆ ಮಳೆಗಾಲ ಬಂತು, ಫೋನೂ ಬಂತು. ಈ ಸಲ ಕಾಗವಾಡದ ಆಚೆಯ ಒಂದು ಹಳ್ಳಿ. ಬಸವಂತ ಜೀಪು ತೆಗೆಯುವಷ್ಟರಲ್ಲಿ ವಿಕ್ರಾಂತ ನಿಪ್ಪಾಣಿಯಿಂದ ಮೋಟರ್‌ಸೈಕಲ್ ಮೇಲೆ ತೊಯ್ದುಕೊಂಡು ಬಂದಿದ್ದ. ಪಾಸ್ಟರಿಂದ ತಿಳಿದು ಬಂದೆ ಅಂದ. ಬಸವಂತ ಇಂಜಿನ್ ಚಾಲೂ ಮಾಡಿದ. ವಿಕ್ರಾಂತ ಇಳಕಲ್ ಸೀರೆ ಹಾಸಿದ್ದ ಮುಂದಿನ ಸೀಟು ಮುಟ್ಟದೆ ಹಿಂದೆ ಹೋಗಿ ಹತ್ತಿದ.

ಸತ್ತವನು ನಡುವಯಸ್ಸಿನ ಗಂಡಸು. ಕೆಸರಿನಲ್ಲಿ ಹೋಗಿ, ಪೆಟ್ಟಿಗೆ ಇಳಿಸಿ, ಮಣ್ಣು ಮಾಡಿ ಬಂದರು. ಆ ಮನೆಯ ಮುದುಕ ಇಬ್ಬರಿಗೂ ಚಹಾ ತಂದು ಕೊಟ್ಟ. ಹಿಂದೊಮ್ಮೆ, ಕೊರೋನಾದಲ್ಲಿ, ಅವನ ಹೆಂಡತಿಯನ್ನು ಬಸವಂತ ಮತ್ತು ಕುಸುಮ ಇದೇ ದಾರಿಯಲ್ಲಿ ಒಯ್ದಿದ್ದರು. ಇವತ್ತು ಮಗ. ಮುದುಕನ ಕಣ್ಣುಗಳು ಒಣಗಿದ್ದವು. ಅವನು ಜೀಪಿನ ಒಳಗೆಲ್ಲ ಬಗ್ಗಿ ನೋಡಿ ಕೇಳಿದ:

“ಬಾಯಾರು ಬಂದಿಲ್ಲೇನ್ರಿ, ನಿಮ್ಮ ಮನಿಯವರು? ಅವತ್ತ ಅವರು ನನ್ನ ಕೂಡ ಭಾಳ ಹೊತ್ತ ಕುಂತಿದ್ರು. ಆರಾಮ ಅದಾರೇನು?”

ವಿಕ್ರಾಂತ ತಲೆ ತಗ್ಗಿಸಿದ. ಬಸವಂತ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮುದುಕನ ಮುಖ ನೋಡಿದ. ಅವತ್ತೇ ಮಗನನ್ನು ಮಣ್ಣಿಗಿಟ್ಟು ಬಂದವನಿಗೆ ಇನ್ನೊಂದು ಸಾವು ಹೇಳುವ ಮನಸ್ಸಾಗಲಿಲ್ಲ.

“ಆರಾಮ ಅದಾಳ್ರಿ” ಅಂದ. “ಈ ಸಲ ಬರಾಕ ಆಗ್ಲಿಲ್ಲ.”

ಮುದುಕ ತಲೆಯಾಡಿಸಿದ. ಬಸವಂತ ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತ, ಮಳೆ ನಿಂತರೂ ಏಳಲಿಲ್ಲ.