ಚೀಟಿಯಲ್ಲಿ ಬಂದ ಮನೆಗೇ ಹೋಗುವ ಕನ್ನಮ್ಮ

ಮೇಗರವಳ್ಳಿಯಿಂದ ಎರಡು ಮೈಲಿ ಒಳಗೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳ್ಳಕ್ಕೆ ಅಡ್ಡ ಹಾಕಿದ ಒಂಟಿ ಮರದ ಸಂಕವನ್ನು ಕನ್ನಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಸರಸರನೆ ದಾಟುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಜೊತೆಗೆ ಬಂದ ನಾನು ಈಚೆ ದಡದಲ್ಲೇ ದೇವರನ್ನು ನೆನೆಯುತ್ತ ನಿಂತಿದ್ದೇನೆ. "ಕೆಳಗೆ ನೋಡ್ಬೇಡಿ ಮಾರಾಯ್ರೆ, ನನ್ನ ನೋಡ್ಕೊಂಡು ಬನ್ನಿ!" ಎಂದು ಆಚೆಯಿಂದ ನಗುತ್ತಾರೆ. ಮುನ್ನೂರು ಮನೆಗಳ ಪಟ್ಟಿಯಲ್ಲಿ ಉಳಿದಿರುವ ಕಟ್ಟಕಡೆಯ ಮನೆಗೆ ಹೊರಟಿದ್ದೇವೆ.

ಕನ್ನಮ್ಮನಿಗೆ ನಲವತ್ತೊಂದು ವರ್ಷ. ಅರವತ್ತಾರನೇ ಇಸವಿಯಲ್ಲಿ ಹೊಸನಗರದ ಒಂದು ಸಮಾಜಸೇವಾ ಸಂಸ್ಥೆ ಸೇರಿದರು. ಮನೆ ಮನೆಗೆ ಹೋಗಿ ವಿವರ ಬರೆದು ತರುವುದು ಇವರ ಕೆಲಸ. ಸಂಸ್ಥೆಯ ಸೇವಕಿಯರು ಕೆಲವು ಊರುಗಳಲ್ಲಿ ಮಕ್ಕಳಿಗೆ ನೀರು ಕುದಿಸಿ ಕೊಡುವುದನ್ನು ತಾಯಂದಿರಿಗೆ ಕಲಿಸುತ್ತಿದ್ದಾರೆ. ಇದರಿಂದ ಭೇದಿ ನಿಜಕ್ಕೂ ಕಡಿಮೆಯಾಗಿದೆಯೆಂದು ತೋರಿಸದಿದ್ದರೆ ಮಾರ್ಚಿಗೆ ಹಣ ನಿಂತು ಸೇವಕಿಯರ ಓಡಾಟವೂ ನಿಲ್ಲುತ್ತದೆ. ಕನ್ನಮ್ಮನ ಚೊಚ್ಚಲ ಮಗು ಹೋದದ್ದೂ ಭೇದಿಯಿಂದಲೇ. ಸೇವಕಿಯರು ಉಳಿಯಲಿ ಎಂಬ ಆಸೆಯನ್ನು ಅವರು ಮುಚ್ಚಿಡುವುದಿಲ್ಲ.

ಮೊದಲು ಸೇವಕಿ ಹೋಗುವ ಊರುಗಳಲ್ಲಿ ಅರವತ್ತು, ಹೋಗದ ಊರುಗಳಲ್ಲಿ ಅರವತ್ತು ಮನೆಗಳನ್ನು ಚೀಟಿ ಎತ್ತಿ ಆರಿಸಿದರು. ಸೇವಕಿ ಹೋದ ಕಡೆ ಒಂಬತ್ತು ಮನೆಯಲ್ಲಿ ಭೇದಿ, ಹೋಗದ ಕಡೆ ಇಪ್ಪತ್ತೆರಡು. ಕಚೇರಿಯಲ್ಲಿ ಸಂಭ್ರಮವೋ ಸಂಭ್ರಮ. ಆದರೆ ಹನ್ನೊಂದು ಮನೆಗಳಲ್ಲಿ ಬಾಣಂತಿ ತವರಿಗೆ ಹೋಗಿದ್ದಳೆಂದು ಕನ್ನಮ್ಮ ಪಕ್ಕದ ಮನೆಯನ್ನೇ ಬರೆದುಕೊಂಡು ಬಂದಿದ್ದರು.

"ಅದ್ರಲ್ಲೆಂತ ತಪ್ಪು ಅಂತ ಮಾಡಿದ್ದೆ. ಆಮೇಲೆ ತಲೆಗೆ ಹೊಕ್ತು. ಭೇದಿ ಬೇಗ ತಗಲೋದು ಎಳೆಗೂಸಿಗೆ. ಅವೆಲ್ಲ ತವರಲ್ಲಿದ್ವು, ನಾನು ಅವನ್ನೇ ಬಿಟ್ಟು ಬಂದಿದ್ದೆ."

ಯಾರೂ ಕೇಳುವ ಮೊದಲೇ ತಪ್ಪೊಪ್ಪಿಕೊಂಡು, ಸಾಗರದಿಂದ ತೀರ್ಥಹಳ್ಳಿವರೆಗೆ ಹನ್ನೊಂದು ತವರುಮನೆ ಹುಡುಕಿಕೊಂಡು ನಡೆದರು. ಪಕ್ಕದ ಮನೆಗಳನ್ನು ತೆಗೆದು ಚೀಟಿಯ ಮನೆಗಳನ್ನೇ ಸೇರಿಸಿದಾಗ ಒಂಬತ್ತು ಹದಿಮೂರಾಯಿತು, ಇಪ್ಪತ್ತೆರಡು ಇಪ್ಪತ್ತಾಯಿತು.

ಸಂಸ್ಥೆಯಲ್ಲಿ ಅಂಕಿ-ಅಂಶ ನೋಡುವವರು ಉಮಾಮಹೇಶ್ವರ. "ಸೇವಕಿ ಹೋಗಿ ಏನೂ ಆಗಿಲ್ಲ ಅಂತಲೇ ಇಟ್ಕೊಳ್ಳಿ. ಆಗಲೂ ಬರೀ ಚೀಟಿಯ ಅದೃಷ್ಟದಿಂದ ಇಷ್ಟು ವ್ಯತ್ಯಾಸ ನೂರಕ್ಕೆ ಹದಿನೈದು ಸಲ ಬಂದೀತು. ಐದಕ್ಕಿಂತ ಕಡಿಮೆಯಾದ್ರೆ ಮಾತ್ರ ನಾವು ಒಪ್ಪೋದು" ಎಂದರು. ಹಾಗಾದರೆ ಉಪಯೋಗವಿಲ್ಲವೇ? "ಹಾಗೂ ಹೇಳೋಕಾಗಲ್ಲ. ಇನ್ನಷ್ಟು ಮನೆ ಬೇಕು."

ನನ್ನ ತಲೆ ಗಿರ್ರೆಂದಿತು. ಕನ್ನಮ್ಮನೇ ಬಿಡಿಸಿ ಹೇಳಿದರು: "ಚೌಕಾಬಾರ ಆಡ್ವಾಗ ಎರಡು ಸಲ ಒಳ್ಳೆ ಗರ ಬಿದ್ರೆ ಕವಡೇಲೇ ಏನೋ ಇದೆ ಅಂತೀರಾ? ಸುಮಾರು ಹೊತ್ತು ಆಡಿ ನೋಡ್ಬೇಕಪ್ಪ."

ಹಾಗೆ ನೂರಿಪ್ಪತ್ತು ಮನೆ ಮುನ್ನೂರಾಯಿತು. ಕೆಲವು ದಿನ ಹನ್ನೆರಡು ಮೈಲಿ ನಡೆದರೆ ಎರಡೇ ಮನೆ.

ಈ ಕೊನೆಯ ಮನೆ ಬಾಣಂತಿ ಪುಷ್ಪಮ್ಮನ ತವರು. ಚೀಟಿಯಲ್ಲಿ ಬಂದದ್ದು ಅವಳ ಗಂಡನ ಮನೆ; ಅದು ನಿಟ್ಟೂರಿನ ಹತ್ತಿರ, ಸೇವಕಿ ಹೋಗುವ ಊರಲ್ಲಿದೆ. ತೊಡೆಯ ಮೇಲೆ ನಾಲ್ಕು ತಿಂಗಳ ಕೂಸು. ಕನ್ನಮ್ಮ ಚಾಪೆಯ ಮೇಲೆ ಕೂತು ಹಾಳೆ ಬಿಡಿಸುತ್ತಾರೆ.

"ಈ ತಿಂಗಳು ಕೂಸಿಗೆ ಭೇದಿ ಆಗಿತ್ತಾ ತಂಗಿ?"

"ಆಗಿತ್ತಕ್ಕ, ಮೂರು ದಿನ. ಸೇವಕಿ ಅಲ್ಲೇ ಹೇಳಿದ್ಲು, ನೀರು ಕುದಿಸ್ಬೇಕು ಅಂತ. ಇಲ್ಲಿ ಅಮ್ಮ ಕೇಳ್ಬೇಕಲ್ಲ! ಈಗ ಆರಾಮಿದೆ."

ಅಯ್ಯೋ, ಕೊನೆಯ ಮನೆಯಲ್ಲೂ ಹೀಗಾಗಬೇಕೇ! ಸೇವಕಿ ಹೋಗುವ ಕಡೆಯ ಲೆಕ್ಕಕ್ಕೆ ಇನ್ನೊಂದು ಭೇದಿ ಸೇರುತ್ತದೆ. ಕನ್ನಮ್ಮ 'ಹೌದು' ಎಂದು ಬರೆದು ಕೂಸಿನ ಕೆನ್ನೆ ಸವರಿ ಏಳುತ್ತಾರೆ.

ಉಮಾಮಹೇಶ್ವರರ ಲೆಕ್ಕ ಮುಗಿಯಲು ಇನ್ನೂ ಒಂದು ವಾರ ಬೇಕು. ವಾಪಸ್ ಬರುವಾಗ ಸಂಕದ ಬಳಿ ತಡೆಯಲಾರದೆ ಕೇಳುತ್ತೇನೆ: 'ಇಲ್ಲ' ಅಂತ ಬರೆದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

"ಯಾರಿಗೂ ಇಲ್ಲ" ಎನ್ನುತ್ತಾರೆ ಚಪ್ಪಲಿ ಕಳಚುತ್ತ. "ಸೇವಕಿ ಉಳೀಲಿ ಅಂತ ನಂಗಿಂತ ಹೆಚ್ಚು ಆಸೆ ಯಾರಿಗಿದೆ ಹೇಳಿ? ಆದ್ರೆ ನನ್ನ ಮಗು ಹೋದಾಗ ಅದನ್ನ ಯಾರೂ ಯಾವ ಹಾಳೇಲೂ ಬರ್ಕೊಳ್ಲಿಲ್ಲ. ಈ ಕೂಸಿಗೆ ಮೂರು ದಿನ ಭೇದಿ ಆಗಿತ್ತು. ಅದನ್ನ ನಾನು ಬರ್ದಿದ್ದೀನಿ."