ಪೇರಲ ಗಿಡ ಬಗ್ಗಿಸಿದವರು

ಎಲೆ ದಪ್ಪವೋ ತೆಳುವೋ ಎಂದು ಅವರು ತುಟಿಯಿಂದ ನೋಡುತ್ತಿದ್ದರು. ಕಸಿ ಕಟ್ಟುವ ಚಾಕು ಹಿಡಿದು ಹಿಡಿದು ಬೆರಳ ತುದಿಗಳು ಚಪ್ಪಲಿಯ ಅಟ್ಟೆಯಂತಾಗಿದ್ದವು, ಏನೂ ತಿಳಿಯುತ್ತಿರಲಿಲ್ಲ. ಅದಕ್ಕೇ ಎಲೆಯನ್ನು ಕೆಳತುಟಿಗೆ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಬ್ಬೂರ ಕಡೆ ಎಲ್ಲರೂ ಅವರನ್ನು ಕಲಮಿನವರು ಎನ್ನುತ್ತಿದ್ದರು. ಕಲಮು ಎಂದರೆ ಕಸಿ. ಹೆಂಡತಿ ಮಕ್ಕಳು ಇರಲಿಲ್ಲ. ಒಂದು ಸೈಕಲ್ಲು ಇತ್ತು.

ಗಂಡ ಸತ್ತ ಮೇಲೆ ನನಗೆ ಉಳಿದದ್ದು ಅರ್ಧ ಎಕರೆ ಪೇರಲ. ನನಗೆ ಗೊತ್ತಿದ್ದದ್ದು ಕಬ್ಬು ಒಂದೇ. ಪಂಪು ಹೊಸದು, ಕಬ್ಬಿಗೆ ಉಣಿಸಿದಂತೆ ನೀರು, ಗೊಬ್ಬರ ಉಣಿಸಿದೆ. ಗಿಡ ಸರ್ರನೆ ಮೇಲೆದ್ದವು. ಎಲೆ ಅಂಗೈಯಷ್ಟು ಅಗಲ. ಹಿಗ್ಗಿದೆ. ಎರಡು ವರ್ಷ ಒಂದು ಹೂವೂ ಕಾಣಲಿಲ್ಲ.

ಮೈದುನ ಬದುವಿನ ಮೇಲೆ ನಿಂತು ಹೇಳಿದ: "ವೈನಿ, ಈ ಸಲ ಕಾಯಿ ಬರಲಿಲ್ಲಂದ್ರ ಕಿತ್ತ ಒಗದು ಕಬ್ಬ ಹಚ್ಚತೀನಿ. ನೀ ನಮ್ಮ ಮನ್ಯಾಗ ರೊಟ್ಟಿ ಬಡಕೋಂತ ಇರು."

ತೋಟ ಹೋದರೆ ನಾನು ಅವನ ಮನೆಯ ಆಳು. ಕಲಮಿನವರಿಗೆ ಹೇಳಿ ಕಳಿಸಿದೆ.

ಬಂದವರು ನೆಟ್ಟಗೆ ಎದ್ದ ಟೊಂಗೆಯ ಎಲೆ ನೋಡಿದರು. ಎಮ್ಮೆ ಮೈ ತಿಕ್ಕಿ ಅಡ್ಡ ಬಾಗಿಸಿದ್ದ ಟೊಂಗೆಯ ಎಲೆಯನ್ನೂ ನೋಡಿದರು.

"ಹಿಡಿ ತಂಗಿ. ನೆಟ್ಟಗ ಹೊಂಟಿದ್ದರ ಎಲಿ ದೊಡ್ಡದು, ಖರೆ ಹಾಳಿಯಂಗ ತೆಳು. ಒಂದಕ್ಕೊಂದು ದೂರ. ಓಡೋದ್ರಾಗ ಐತಿ ಇದರ ಚಿತ್ತ. ಅಡ್ಡ ಬಿದ್ದಿದ್ದರದು ಸಣ್ಣದು, ದಪ್ಪ, ಒತ್ತಾಗಿ ಬಂದಾವು. ಇದು ಕುಂತೈತಿ. ಕುಂತಿದ್ದು ಹಡೀತೈತಿ."

"ನಾನೂ ಹದಿನೈದ ವರ್ಷ ಕುಂತೀನ್ರಿ ಅಣ್ಣಾ, ಹಡೀಲಿಲ್ಲ."

"ನೀ ಎಲ್ಲಿ ಕುಂತಿ? ದುಡಕೋತನ ಅದಿ."

"ಎತ್ತರ ಬೆಳದಾವಲ್ರಿ ಮತ್ತ?"

"ಕಬ್ಬಿಗೆ ಎತ್ತರಾನ ಫಲ. ಪೇರಲಕ್ಕ ಅಲ್ಲ."

ನೀರು ನಿಲ್ಲಿಸಿದರು. ನಾಲ್ಕು ದಿನ ಒಬ್ಬರೇ ಟೊಂಗೆ ಟೊಂಗೆಗೆ ಹಗ್ಗ ಬಿಗಿದು, ಕಲ್ಲು ಕಟ್ಟಿ, ನೆಲದ ಕಡೆ ಬಗ್ಗಿಸಿದರು. ಬಗ್ಗಿದ ಟೊಂಗೆಯ ಮೈತುಂಬ ಚಿಗುರು, ಚಿಗುರಿಗೆ ಹೂವು ಬಂತು. ಮೈದುನ ಒಂದು ಹಣ್ಣು ಕಚ್ಚಿ ನೋಡಿ, ಇನ್ನೆರಡು ಕಿತ್ತು ಜೇಬಿಗೆ ಹಾಕಿಕೊಂಡು ಹೋದ. ತೋಟ ಉಳಿಯಿತು. ಇವತ್ತಿಗೂ ಅದರ ಅನ್ನ ತಿನ್ನುತ್ತಿದ್ದೇನೆ.

ಕಲಮಿನವರು ಸತ್ತ ಸುದ್ದಿ ನನಗೆ ತಿಳಿದದ್ದು ಎಂಟು ದಿನದ ಮೇಲೆ, ಚಿಕ್ಕೋಡಿ ಸಂತೆಯಲ್ಲಿ. ಹೇಳಿ ಕಳಿಸಲು ನಾನು ಅವರಿಗೆ ಯಾರು?

ಟೊಂಗೆ ಬಗ್ಗಿಸಿದ ಆ ನಾಲ್ಕೂ ದಿನ ಮಧ್ಯಾಹ್ನ ಅವರು ಬೇವಿನ ಬುಡದಲ್ಲಿ ಗಂಟು ಬಿಚ್ಚಿ ಒಣರೊಟ್ಟಿ ಉಂಡರು. ನಾನು ಇಪ್ಪತ್ತು ಹೆಜ್ಜೆ ಆಚೆ ಗುಡಿಸಲಲ್ಲಿ ಬಿಸಿರೊಟ್ಟಿ ಉಂಡೆ. ಗಂಡ ಸತ್ತವಳು, ಜನ ಏನಂದಾರು ಎಂದು ಒಳಗೆ ಕರೆಯಲಿಲ್ಲ. ಆ ಜನರಲ್ಲಿ ಒಬ್ಬರೂ ನನಗೆ ಒಂದು ತುತ್ತು ಹಾಕಿದವರಲ್ಲ.